ಹಳೆಯ ಮಿಯಾಟಾಗೆ ಎರಡು ಸಲ ಸೈಲೆನ್ಸರ್ ಕೊಂಡೆ

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಯಾರೋ ತಗಡು ಕೆರೆದ ಹಾಗೆ ಸದ್ದು. ಎರಡು ನಿಮಿಷ ಬಿಟ್ಟರೆ ಮಾಯ. ಬಿಸಿಯಾದ ಲೋಹ ಹಿಗ್ಗಿ ಬಿರುಕು ತಾನೇ ಮುಚ್ಚಿಕೊಳ್ಳುತ್ತಿತ್ತು ಅನ್ನುವುದು ಆಮೇಲೆ ಹೊಳೆಯಿತು. ಸದ್ದು ನಿಂತಿತಲ್ಲ ಅಂತ ಒಂದು ತಿಂಗಳು ಹಾಗೇ ಓಡಿಸಿದೆ. ಕೊನೆಗೊಂದು ಭಾನುವಾರ ಕಾರಿನಡಿ ಮಲಗಿ, ಸ್ಕ್ರೂಡ್ರೈವರಿನ ತುದಿಯಿಂದ ಸೈಲೆನ್ಸರಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದೆ. ತುದಿ ಸಲೀಸಾಗಿ ಒಳಗೇ ಹೋಯಿತು.

ಕಾರು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಅಂತ ಮಾರಾಟವಾದದ್ದು. 1989ರಲ್ಲಿ ಷಿಕಾಗೊ ವಾಹನ ಮೇಳದಲ್ಲಿ ಮೊದಲು ಕಾಣಿಸಿಕೊಂಡ, ಹೆಡ್‌ಲೈಟು ಕಣ್ಣು ಬಿಟ್ಟ ಹಾಗೆ ಮೇಲೇಳುವ, ಮೇಲ್ಹೊದಿಕೆ ತೆಗೆದು ಓಡಿಸಬಹುದಾದ ಎರಡು ಸೀಟಿನ ಗಾಡಿ. ನನ್ನದು 1.6 ಲೀಟರಿನ ನಾಲ್ಕು ಸಿಲಿಂಡರಿನದು. ಸೈಲೆನ್ಸರ್ ಹಿಂದಿನ ಬಂಪರಿನ ಕೆಳಗೆ ಅಡ್ಡಲಾಗಿ ಮಲಗಿರುತ್ತದೆ, ಬಾಲದ ಪೈಪು ಬಲಗಡೆ ಒಂದೇ. ಬಿಡಿಭಾಗದ ಪೆಟ್ಟಿಗೆಯ ಮೇಲೆ ಮಫ್ಲರ್ ಅಂತ ಬರೆದಿರುತ್ತದೆ. ನಮ್ಮ ಬಾಯಿಗೆ ಬರುವುದು ಸೈಲೆನ್ಸರ್. ನಾನೂ ಹಾಗೇ ಕರೆಯುತ್ತೇನೆ.

ಬಿಚ್ಚಿದ್ದು

ನಡುವಿನ ಪೈಪಿಗೂ ಸೈಲೆನ್ಸರಿಗೂ ಎರಡು ಬೋಲ್ಟಿನ ಫ್ಲ್ಯಾಂಜು, ಅಂದರೆ ಎರಡನ್ನೂ ಕೂಡಿಸಿ ಬಿಗಿಯುವ ಚಪ್ಪಟೆ ಅಂಚು. ಮೂರು ರಾತ್ರಿ ಸತತ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟೆ. ನಾಲ್ಕನೆಯ ದಿನ ಒಂದು ನಟ್ಟು ಕಿರುಗುಟ್ಟುತ್ತಾ ಬಂತು. ಇನ್ನೊಂದಕ್ಕೆ ಪಾನಾ ಹಾಕಿ ಮೈಭಾರ ಬಿಟ್ಟಾಗ ಒಂದು ಕ್ಷಣ ಹಿತವಾಗಿ ತಿರುಗಿತು. ಅಷ್ಟು ಸುಲಭವಾಗಿ ತಿರುಗಿದರೆ ಏನರ್ಥ ಅಂತ ಹಳೇ ಗಾಡಿ ಇಟ್ಟುಕೊಂಡವರಿಗೆ ಗೊತ್ತು. ಬೋಲ್ಟಿನ ತಲೆ ಕೈಗೆ ಬಂದಿತ್ತು. ಉಳಿದ ತುಂಡನ್ನು ಪಂಚಿನಿಂದ ನಡು ಗುರುತಿಸಿ, ಸಣ್ಣ ಬಿಟ್ಟಿನಿಂದ ಶುರು ಮಾಡಿ ಮೂರು ಅಳತೆಯಲ್ಲಿ ಕೊರೆದು ತೆಗೆಯಲು ಒಂದು ಇಡೀ ಮಧ್ಯಾಹ್ನ ಹೋಯಿತು. ಆ ತೂತಿಗೆ ಮತ್ತೆ ಮರೆ, ಅಂದರೆ ಬೋಲ್ಟು ತಿರುಗಿ ಕೂರುವ ಸುರುಳಿ ಗೆರೆ, ಕೊಯ್ಯುವ ಸಾಹಸ ಮಾಡಲಿಲ್ಲ, ಈಚೆಯಿಂದಾಚೆ ಹಾಯುವ ಸ್ಟೇನ್‌ಲೆಸ್ ಬೋಲ್ಟು ಸಾಕು ಅನ್ನಿಸಿತು.

ಸೈಲೆನ್ಸರನ್ನು ಕಾರಿಗೆ ನೇತುಹಾಕುವ ರಬ್ಬರ್ ಹ್ಯಾಂಗರುಗಳಿಂದ ಕಡ್ಡಿ ಕೀಳುವುದಕ್ಕೆ ಜನ ಬಲ ಪ್ರಯೋಗಿಸಿ ರಬ್ಬರನ್ನೇ ಹರಿಯುತ್ತಾರೆ. ಸೋಪಿನ ನೀರು ಸವರಿ ತಿರುಚುತ್ತಾ ಎಳೆದರೆ ಜಾರಿ ಬರುತ್ತದೆ. ಕಾರನ್ನು ಜಾಕಿನ ಮೇಲೆ ಬಿಟ್ಟು ಅಡಿಗೆ ನುಗ್ಗಬೇಡಿ, ಸ್ಟ್ಯಾಂಡು ಕೊಟ್ಟೇ ಮಲಗಿ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಕೆಳಗಿಳಿಸಿ ತೂಗಿದೆ: ಹದಿಮೂರು ಕೆ.ಜಿ. ಹತ್ತಿರ. ಅದರಲ್ಲಿ ತುಕ್ಕಿನ ಪುಡಿಯೇ ಒಂದಷ್ಟು ಇತ್ತು, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಕುತೂಹಲ ತಡೆಯದೆ ಗ್ರೈಂಡರಿನಿಂದ ಉದ್ದಕ್ಕೆ ಸೀಳಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಕಲಿಸಿದ್ದು ಈ ಒಂದು ಗಂಟೆ.

ಒಳಗೆ ಮೂರು ಕೋಣೆ. ನಡುವೆ ಎರಡು ಅಡ್ಡಗೋಡೆ, ಅವುಗಳಲ್ಲಿ ತೂತುಗಳು. ಹೊಗೆ ನೇರ ಹೋಗುವುದಿಲ್ಲ. ಒಂದು ಕೊಳವೆಯಲ್ಲಿ ಹೋಗಿ ಕೋಣೆಯಲ್ಲಿ ಹರಡಿ, ತಿರುಗಿ ಇನ್ನೊಂದು ಕೊಳವೆ ಹಿಡಿದು ಹೊರಗೆ ಬರುತ್ತದೆ. ಪ್ರತಿ ತಿರುವಿನಲ್ಲೂ ಸದ್ದಿನ ಅಲೆಯ ಒಂದು ಪಾಲು ಹಿಂದಕ್ಕೆ ಪುಟಿದು, ಎದುರು ಬರುವ ಅಲೆಯನ್ನು ತಿಂದುಹಾಕುತ್ತದೆ. ಮುಚ್ಚಿದ ಕೋಣೆಯೊಂದಕ್ಕೆ ಸಣ್ಣ ಕುತ್ತಿಗೆ ಇದ್ದರೆ ಅದು ಒಂದೇ ಒಂದು ಸ್ವರವನ್ನು ಹಿಡಿದು ನುಂಗುತ್ತದೆ. ಖಾಲಿ ಕೊಡದ ಬಾಯಿಗೆ ಊದಿದರೆ ಬರುವ ಭೂಂ ಸದ್ದು ಗೊತ್ತಲ್ಲ, ಕೊಡದ ಗಾತ್ರ ಬದಲಾದರೆ ಸ್ವರವೂ ಬದಲು. ಸೈಲೆನ್ಸರಿನ ಕೋಣೆಗಳನ್ನು ಅಳೆದು ಮಾಡುವುದು ಇದೇ ಕಾರಣಕ್ಕೆ. ಈ ಕಾರಿನ ಸದ್ದನ್ನು ಮಜ್ದಾದವರು ಬೇಕೆಂದೇ ಹದ ಮಾಡಿದ್ದರು, ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳ ದನಿಯನ್ನು ನೆನಪಿಸುವಂತೆ. ಆ ತುಕ್ಕು ಹಿಡಿದ ಮೂರು ಕೋಣೆಗಳನ್ನು ನೋಡುವವರೆಗೆ ಅದು ಜಾಹೀರಾತಿನ ಮಾತು ಅಂದುಕೊಂಡಿದ್ದೆ.

ತುಕ್ಕು ಹೊರಗಿನಿಂದ ಬಂದದ್ದಲ್ಲ. ತಳದ ಅಂಚಿನುದ್ದಕ್ಕೂ ಒಳಗಿನಿಂದಲೇ ತಿಂದಿತ್ತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ದೂರ ಓಡಿದರೆ ಪೈಪೆಲ್ಲ ಕಾದು ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣನೆಯ ಸೈಲೆನ್ಸರಿನಲ್ಲಿ ನೀರಾಗಿ ನಿಂತು, ಹೊಗೆಯ ಆಮ್ಲವನ್ನೂ ಸೇರಿಸಿಕೊಂಡು ತಗಡನ್ನು ಕೊರೆಯುತ್ತದೆ. ಕಾರನ್ನು ಜೋಪಾನ ಮಾಡುತ್ತೇನೆಂದು ವಾರಕ್ಕೊಮ್ಮೆ ಬೀದಿ ಸುತ್ತಿಸಿ ತಂದು ಬಟ್ಟೆ ಹೊದಿಸುತ್ತಿದ್ದೆನಲ್ಲ, ಅದೇ ಅದನ್ನು ಕೊಂದದ್ದು.

ಮೊದಲನೆಯದು, ಕಿವಿ ಕೇಳಿ ಕೊಂಡದ್ದು

ವೆಲ್ಡಿಂಗ್ ಮಾಡುವ ಗೆಳೆಯನಿಗೆ ಸೀಳಿದ ಹೋಳನ್ನು ತೋರಿಸಿದೆ, ತೇಪೆ ಹಾಕಬಹುದಾ ಅಂತ. "ತೇಪೆ ಹಾಕೋಕೆ ಒಳ್ಳೆ ತಗಡು ಎಲ್ಲಾದ್ರೂ ಉಳಿದಿರಬೇಕಲ್ಲ ಮಾರಾಯ," ಅಂದ. ಸರಿ, ಹೊಸದೇ.

ಆಗ ಮಾಡಿದ ತಪ್ಪನ್ನು ಬಹಳ ಜನ ಮಾಡುತ್ತಾರೆ. ವಿಡಿಯೋಗಳಲ್ಲಿ ಸದ್ದು ಕೇಳಿ ಆರಿಸಿದೆ. ನಿಂತ ಕಾರು, ಎರಡು ಸಲ ಆಕ್ಸಿಲರೇಟರ್ ಒತ್ತಿ ಬಿಡುತ್ತಾರೆ, ಪೈಪಿನ ಬಾಯಿಗೆ ಮೈಕು. ಎಲ್ಲವೂ ಸೊಗಸಾಗಿಯೇ ಕೇಳುತ್ತವೆ. ಆದರೆ ನಾವು ಕಾರಿನಲ್ಲಿ ಕೂತು ಕೇಳುವುದು ಪೈಪಿನ ಬಾಯಿಗೆ ಕಿವಿ ಇಟ್ಟಲ್ಲ. ಒಂದೇ ವೇಗದಲ್ಲಿ, ಕಾಲು ಅರೆ ಒತ್ತಿ, ಗಂಟೆಗಟ್ಟಲೆ.

ಬಂದದ್ದು ಮಿರಿಮಿರಿ ಹೊಳೆಯುವ ದುಂಡನೆಯ ಡಬ್ಬಿ. ಮುನ್ನೂರು ಮಿ.ಮೀ. ಉದ್ದ, ನೂರು ಮಿ.ಮೀ. ಅಗಲದ ಬಾಯಿ. ಬಾಯಿಯಿಂದ ಟಾರ್ಚು ಬಿಟ್ಟರೆ ಆ ಕಡೆಯ ಗೋಡೆ ಕಾಣುತ್ತದೆ: ನೇರ ಕೊಳವೆ, ಸುತ್ತ ಸಣ್ಣ ತೂತು, ಅದರಾಚೆ ಗಾಜಿನ ನಾರು. ಪೆಟ್ಟಿಗೆಯ ಮೇಲೆ 304 ಸ್ಟೇನ್‌ಲೆಸ್ ಅಂತಿತ್ತು. ಆಯಸ್ಕಾಂತ ಹಿಡಿದೆ, ಡಬ್ಬಿಯ ಮೈಗೆಲ್ಲ ಗಪ್ಪನೆ ಕಚ್ಚಿಕೊಂಡಿತು. ಕ್ರೋಮಿಯಂ ಜೊತೆಗೆ ನಿಕ್ಕಲ್ ಕೂಡ ಇರುವ 304 ಆಯಸ್ಕಾಂತಕ್ಕೆ ಹೀಗೆ ಅಂಟುವುದಿಲ್ಲ. ಬಗ್ಗಿಸಿದ ಕಡೆ, ಬೆಸುಗೆಯ ಕಡೆ ತುಸು ಎಳೆತ ಬರಬಹುದು, ಅಷ್ಟೇ. ಪೂರ್ತಿ ಕಚ್ಚಿತು ಅಂದರೆ ಅದು 409 ಥರದ ಅಗ್ಗದ ಸ್ಟೇನ್‌ಲೆಸ್, ಸುಮಾರು 11 ಶೇಕಡಾ ಕ್ರೋಮಿಯಂ ಇರುವುದು. 409 ಕೆಟ್ಟದ್ದಲ್ಲ, ಕಾರ್ಖಾನೆಯಿಂದ ಬರುವ ಎಷ್ಟೋ ಪೈಪುಗಳು ಅದರವೇ. ಮೇಲ್ಮೈ ಕಂದಾಗುತ್ತದೆ, ಬೇಗ ತೂತಾಗುವುದಿಲ್ಲ. ನನ್ನ ತಕರಾರು ಬರೆದದ್ದೊಂದು ಕೊಟ್ಟದ್ದೊಂದು ಅನ್ನುವುದಕ್ಕೆ.

ಆದರೂ ಹಾಕಿದೆ. ಮೊದಲ ದಿನ ಖುಷಿಯೋ ಖುಷಿ. ಎರಡನೆಯ ದಿನ ಹೆದ್ದಾರಿ, ಮೇಲ್ಹೊದಿಕೆ ಹಾಕಿಕೊಂಡು, ಪಕ್ಕದಲ್ಲಿ ಮಗಳು. ಅರ್ಧ ಗಂಟೆಯೂ ಆಗಿರಲಿಲ್ಲ. "ಅಪ್ಪಾ, ಕಿವಿಯೊಳಗೆ ಗುಂಯ್ ಅಂತಿದೆ, ಸ್ವಲ್ಪ ನಿಧಾನ ಹೋಗು ಅಥವಾ ಜೋರಾಗಿ ಹೋಗು," ಅಂದಳು. ನನಗೂ ತಲೆಯ ಹಿಂಭಾಗ ಒತ್ತಿ ಹಿಡಿದ ಹಾಗಿತ್ತು. ಅವಳ ಮಾತಿನಲ್ಲೇ ರೋಗದ ಲಕ್ಷಣ ಇತ್ತು: ನಿಧಾನ ಹೋದರೂ ಇಲ್ಲ, ಜೋರಾಗಿ ಹೋದರೂ ಇಲ್ಲ, ನಡುವೆ ಮಾತ್ರ.

ಗುಂಯ್ ಎಲ್ಲಿಂದ

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಸುತ್ತಿನಲ್ಲೂ ಎರಡು ಸಲ ಸ್ಫೋಟ. ಹಾಗಾಗಿ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು 30ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದು ಸಿಗುತ್ತದೆ. ನನ್ನ ಕಾರು ಐದನೇ ಗೇರಿನಲ್ಲಿ ಗಂಟೆಗೆ ನೂರು ಕಿ.ಮೀ. ಹೋಗುವಾಗ ಸುಮಾರು 3200 ಆರ್‌ಪಿಎಂ. ಅಂದರೆ 107 ಹರ್ಟ್ಸ್. ಫೋನಿನಲ್ಲಿ ಸದ್ದನ್ನು ಸ್ವರಗಳಾಗಿ ಬಿಡಿಸಿ ತೋರಿಸುವ ಆ್ಯಪ್ ಹಾಕಿ, ಪಕ್ಕದ ಸೀಟಿನ ತಲೆಯ ಮಟ್ಟಕ್ಕೆ ಕಟ್ಟಿ, ಮಗಳ ಕೈಯಲ್ಲಿ ಬರೆಸುತ್ತಾ ಅದೇ ರಸ್ತೆಯಲ್ಲಿ 2000ದಿಂದ 4500ರವರೆಗೆ ಹೋದೆ. 3200ರ ಆಸುಪಾಸಿನಲ್ಲಿ ಗೋಪುರದ ಹಾಗೆ ಒಂದೇ ಗೆರೆ ಎದ್ದು ನಿಂತಿತು, 107ರ ಹತ್ತಿರವೇ. 2600ಕ್ಕೆ ಇಲ್ಲ, 3800ಕ್ಕೆ ಇಲ್ಲ. ಹೊದಿಕೆ ತೆಗೆದರೆ ಅರ್ಧಕ್ಕರ್ಧ ಕರಗಿತು. ಪುಟ್ಟ ಕ್ಯಾಬಿನ್ನೇ ಕೊಡವಾಗಿ ಅದೇ ಸ್ವರಕ್ಕೆ ಮೊಳಗುತ್ತಿತ್ತು. ಫೋನಿನ ಮೈಕು ಕೆಳಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ, ಡೆಸಿಬೆಲ್ ಸಂಖ್ಯೆಯನ್ನು ನಂಬಬೇಡಿ. ಅದೇ ಫೋನು, ಅದೇ ಜಾಗ, ಅದೇ ರಸ್ತೆ ಇಟ್ಟುಕೊಂಡರೆ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ಮಾತ್ರ ನಂಬಬಹುದು.

ಈಗ ಆ ಡಬ್ಬಿಯ ಒಳಗನ್ನು ನೆನಪಿಸಿಕೊಂಡೆ. ನಾರು ತುಂಬಿದ ನೇರ ಕೊಳವೆ ಮೇಲಿನ ಸ್ವರಗಳನ್ನು, ಆ ಕರ್ಕಶ ತಗಡುದನಿಯನ್ನು ಚೆನ್ನಾಗಿ ಹೀರುತ್ತದೆ. ನೂರು ಹರ್ಟ್ಸಿನ ಅಲೆಯ ಉದ್ದವೋ ನಾಲ್ಕು ಮೀಟರ್‌ಗೂ ಹೆಚ್ಚು. ಎರಡು ಬೆರಳು ದಪ್ಪದ ನಾರು ಅದಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಳೆಯ ಮೂರು ಕೋಣೆಗಳು ಮಾಡುತ್ತಿದ್ದ ಕೆಲಸವನ್ನು ಮಾಡಲು ಇದರಲ್ಲಿ ಏನೂ ಇರಲಿಲ್ಲ. ಸೀಳಿದ ಹೋಳು ಶೆಡ್ಡಿನಲ್ಲೇ ಬಿದ್ದಿತ್ತು, ನಾನೇ ನೋಡಿರಲಿಲ್ಲ.

ಬಿಸಾಡುವ ಮುಂಚೆ ಒಂದು ಉಪಾಯ ಮಾಡಿ ನೋಡೋಣ ಅಂತ ಹೊರಟೆ. ಪೈಪಿಗೆ ಪಕ್ಕದಲ್ಲೊಂದು ಕೊನೆ ಮುಚ್ಚಿದ ಕೊಂಬೆ ಬೆಸೆಯುವುದು. ಅದರ ಉದ್ದ ಬೇಡದ ಅಲೆಯ ಕಾಲು ಭಾಗ ಇದ್ದರೆ, ಒಳಹೋದ ಅಲೆ ತುದಿಗೆ ಬಡಿದು ಮರಳುವಾಗ ಸರಿಯಾಗಿ ತಲೆಕೆಳಗಾಗಿರುತ್ತದೆ, ಪೈಪಿನಲ್ಲಿರುವುದನ್ನು ಅಳಿಸುತ್ತದೆ. 20 ಡಿಗ್ರಿಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 200 ಡಿಗ್ರಿಯ ಹೊಗೆಯಲ್ಲಿ 436ರ ಹತ್ತಿರ. ಅದನ್ನು 107ರ ನಾಲ್ಕರಷ್ಟಕ್ಕೆ ಭಾಗಿಸಿದರೆ ಒಂದು ಮೀಟರಿಗೆ ಎರಡು ಸೆಂ.ಮೀ. ಜಾಸ್ತಿ. ಲೆಕ್ಕ ಚೆಂದ ಬಂತು. ರಟ್ಟಿನ ಕೊಳವೆ ಅಷ್ಟುದ್ದ ಮಾಡಿಕೊಂಡು ಕಾರಿನಡಿ ಹೋದೆ. ಒಂದು ಕಡೆ ಡಿಫರೆನ್ಷಿಯಲ್, ಒಂದು ಕಡೆ ಸಸ್ಪೆನ್ಷನ್ನಿನ ಕೈ, ಹಿಂದೆ ಸೈಲೆನ್ಸರ್. ಮಡಚಿ ತಿರುಚಿ ಇಟ್ಟರೂ ಎಲ್ಲೋ ಒಂದು ಕಡೆ ತಗುಲುತ್ತಿತ್ತು. ಜಾಗ ಇರುವ ದೊಡ್ಡ ಕಾರಿನವರು ಮಾಡಬಹುದು, ನಾನು ಕೈಬಿಟ್ಟೆ.

ಎರಡನೆಯದು, ಹೊಟ್ಟೆ ನೋಡಿ ಕೊಂಡದ್ದು

ಈ ಸಲ ವಿಡಿಯೋ ನೋಡಲಿಲ್ಲ. ಮಾರುವವರಿಗೆ ಕೇಳಿದ ಮೊದಲ ಪ್ರಶ್ನೆಯೇ ಒಳಗೇನಿದೆ ಅಂತ. ಸೀಳಿದ ಚಿತ್ರವನ್ನೋ ನಕ್ಷೆಯನ್ನೋ ತೋರಿಸದವರನ್ನು ಅಲ್ಲಿಗೇ ಬಿಟ್ಟೆ. ಅರ್ಧಕ್ಕಿಂತ ಹೆಚ್ಚು ಜನ ಹಾಗೆ ಹೋದರು.

ನನಗೆ ಬೇಕಿದ್ದದ್ದು ಎರಡರ ಬೆರಕೆ: ನಡುವೆ ನೇರ ಕೊಳವೆ, ಸುತ್ತ ನಾರು, ಜೊತೆಗೆ ಒಂದು ತುದಿಯಲ್ಲಿ ಕೆಳಸ್ವರ ಹಿಡಿಯುವ ಖಾಲಿ ಕೋಣೆ. ಮೈ ಉದ್ದ ಇರಬೇಕು, ದುಂಡಗಿರುವುದಕ್ಕಿಂತ ಚಪ್ಪಟೆ ಅಂಡಾಕಾರ ಲೇಸು, ಬಂಪರಿನಡಿಯ ಜಾಗವೆಲ್ಲ ಬಳಕೆಯಾಗುತ್ತದೆ. ಸದ್ದು ತಗ್ಗಿಸುವ ಕೆಲಸದಲ್ಲಿ ಗಾತ್ರಕ್ಕೆ ಬದಲಿ ಇಲ್ಲ. ಸಣ್ಣ ಡಬ್ಬಿ ಹಗುರ, ಚೆಂದ, ಗದ್ದಲ.

ನಾರಿನದೂ ಒಂದು ಮಾತಿದೆ. ಬರೀ ಗಾಜಿನ ನಾರು ತೂತುಗಳಿಗೆ ನೇರ ತಗುಲಿಕೊಂಡಿದ್ದರೆ ಬಿಸಿ ಹೊಗೆ ಅದನ್ನು ಎಳೆಎಳೆಯಾಗಿ ಊದಿಕೊಂಡು ಹೋಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಡಬ್ಬಿ ಖಾಲಿ, ಸದ್ದು ಏರುತ್ತಲೇ ಇರುತ್ತದೆ. ಒಳ್ಳೆಯವರು ಕೊಳವೆಗೆ ಮೊದಲು ಸ್ಟೇನ್‌ಲೆಸ್ ಉಣ್ಣೆ ಸುತ್ತಿ, ಅದರ ಹೊರಗೆ ನಾರು ತುಂಬುತ್ತಾರೆ. ನಾನು ಕೊಂಡದ್ದರಲ್ಲಿ ಹಾಗಿದೆ. ಕೊಳವೆಯ ತೂತುಗಳನ್ನೂ ನೋಡಿ. ತಗಡನ್ನು ಒಳಗಡೆಗೆ ಚಾಚುವಂತೆ ಸೀಳಿದ ಕಿಟಕಿಬಾಗಿಲಿನಂಥವು ಹರಿವಿಗೆ ಅಡ್ಡ, ನಯವಾಗಿ ಕೊರೆದ ದುಂಡು ತೂತುಗಳು ಮೇಲು.

ಪೈಪಿನ ವ್ಯಾಸದ ವಿಷಯಕ್ಕೆ ಬಂದರೆ ಎಲ್ಲರಿಗೂ ದೊಡ್ಡದೇ ಬೇಕು. ವ್ಯಾಸ 50.8ರಿಂದ 63.5 ಮಿ.ಮೀ.ಗೆ ಏರಿದರೆ, ಅಂದರೆ ಕಾಲು ಭಾಗ ಹೆಚ್ಚಿದರೆ, ಹೊಗೆ ಹರಿಯುವ ಜಾಗ ಒಂದೂವರೆ ಪಟ್ಟು ದಾಟುತ್ತದೆ. ಸುಮಾರು 115 ಅಶ್ವಶಕ್ತಿಯ ಎಂಜಿನ್ನಿಗೆ ಅಷ್ಟು ಬೇಕಿಲ್ಲ. ಎಂಜಿನ್ನಿಗೆ ಹಿಂದೊತ್ತಡ, ಅಂದರೆ ಹೊರಹೋಗುವ ಹೊಗೆಗೆ ಪೈಪು ಒಡ್ಡುವ ತಡೆ, ಬೇಕೇ ಬೇಕು ಅನ್ನುವವರ ಮಾತೂ ಸರಿಯಲ್ಲ. ಹಿಂದೊತ್ತಡದಿಂದ ಯಾವ ಎಂಜಿನ್ನಿಗೂ ಲಾಭವಿಲ್ಲ. ಬೇಕಿರುವುದು ಹೊಗೆಯ ಓಟ. ಪೈಪು ತೀರಾ ಅಗಲವಾದರೆ ಓಟ ಮಂದವಾಗುತ್ತದೆ, ಸದ್ದು ಮಾತ್ರ ಬೆಳೆಯುತ್ತದೆ. 57 ಮಿ.ಮೀ. ಸಾಕು ಅಂತ ನಿಂತೆ. ಸೈಲೆನ್ಸರ್ ಒಂದನ್ನೇ ಬದಲಿಸಿ ಹತ್ತಿಪ್ಪತ್ತು ಅಶ್ವಶಕ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟಲಿಲ್ಲ, ಮುಟ್ಟುವ ಆಲೋಚನೆಯೂ ಬರಲಿಲ್ಲ.

ಬೆಸುಗೆಯ ಬಗ್ಗೆ ಗೆಳೆಯ ಹೇಳಿಕೊಟ್ಟದ್ದು ಒಂದಿದೆ. ಹೊರಗಿನ ಗೆರೆ ನಾಣ್ಯ ಜೋಡಿಸಿಟ್ಟ ಹಾಗೆ ಚೆಂದವಿದೆಯೇ ಅಂತ ಎಲ್ಲರೂ ನೋಡುತ್ತಾರೆ. ಅವನು ಕೈಬೆರಳು ಪೈಪಿನ ಒಳಗೆ ಹಾಕಿ ಸವರಿ ನೋಡಿದ. ಸ್ಟೇನ್‌ಲೆಸ್ ಬೆಸೆಯುವಾಗ ಒಳಗೂ ಆರ್ಗಾನ್ ಅನಿಲ ತುಂಬದಿದ್ದರೆ ಒಳಬದಿ ಉಕ್ಕಿ, ಕರಿ ಸಕ್ಕರೆ ಹರಳುಗಟ್ಟಿದ ಹಾಗಾಗುತ್ತದೆ. ಅಲ್ಲಿಂದಲೇ ಬಿರುಕು ಶುರು. ಬಾಗುಗಳನ್ನೂ ನೋಡಿದ, ಬಾಗಿದ ಕಡೆ ಪೈಪು ಚಪ್ಪಟೆಯಾಗದೆ ದುಂಡಗೇ ಇದೆಯೇ ಅಂತ. "ಇದು ನಡೀತದೆ," ಅಂದ. ಅವನಿಂದ ಅಷ್ಟು ಬಂದರೆ ಪ್ರಶಸ್ತಿ ಬಂದ ಹಾಗೆ.

ಮೈ ಮೇಲೆ ಒತ್ತಿದ ಗುರುತೂ ಇತ್ತು: ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಸಂಖ್ಯೆ. ಬದಲಿ ಸೈಲೆನ್ಸರುಗಳ ಸದ್ದಿಗೆಂದೇ ಇರುವ ವಿಶ್ವಸಂಸ್ಥೆಯ 59ನೇ ನಿಯಮದಡಿ ಪರೀಕ್ಷೆ ಆದದ್ದಕ್ಕೆ ಅದು ಸಾಕ್ಷಿ. ನೀವಿರುವ ಕಡೆ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ವಿಚಾರಿಸಿಕೊಳ್ಳಿ. ನನಗಂತೂ ಯಾರೋ ಅಳೆದಿದ್ದಾರೆ ಅನ್ನುವುದೇ ದೊಡ್ಡದಾಗಿ ಕಂಡಿತು.

ಹಾಕಿದ್ದು

ಜೋಡಿಸುವುದು ಬಿಚ್ಚುವುದರ ಕಾಲು ಪಾಲು ಕೆಲಸ. ಫ್ಲ್ಯಾಂಜನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಹೊಸ ಗ್ಯಾಸ್ಕೆಟ್ ಇಟ್ಟೆ. ಹಳೆಯದನ್ನು ಮತ್ತೆ ಬಳಸಿ ಜಿಪುಣತನ ಮಾಡುವ ಜಾಗ ಇದಲ್ಲ. ಮರೆಗಳಿಗೆ ತಾಮ್ರದ ಪೇಸ್ಟು. ಮೊದಲು ಎಲ್ಲ ಹ್ಯಾಂಗರುಗಳಿಗೂ ನೇತುಹಾಕಿ, ಬೋಲ್ಟುಗಳನ್ನು ಬೆರಳಲ್ಲಷ್ಟೇ ಬಿಗಿದು, ಬಾಲದ ಪೈಪು ಬಂಪರಿನ ಕೊರೆಯ ನಡುವೆ ಬರುವಂತೆ ಅಲ್ಲಾಡಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬಂದೆ. ಮೊದಲೇ ಬಿಗಿದರೆ ಹ್ಯಾಂಗರು ಎಳೆದುಕೊಂಡು ನಿಂತು, ಕಂಪನವೆಲ್ಲ ನೇರ ಮೈಗೆ ಬರುತ್ತದೆ. ಗಟ್ಟಿ ಪಾಲಿಯುರೆಥೇನ್ ಹ್ಯಾಂಗರು ಸಿಗುತ್ತವೆ, ಅವೂ ಅದನ್ನೇ ಮಾಡುತ್ತವೆ. ನಾನು ಮಾಮೂಲಿ ರಬ್ಬರೇ ಹೊಸದು ಹಾಕಿದೆ.

ಬಂಪರಿಗೂ ಪೈಪಿಗೂ ನಡುವೆ ಎರಡು ಬೆರಳು ಬಿಟ್ಟೆ. ಎರಡೂವರೆ ಮೀಟರಿನ ಸ್ಟೇನ್‌ಲೆಸ್ ಪೈಪು 250 ಡಿಗ್ರಿಯಷ್ಟು ಕಾದರೆ ಒಂದು ಸೆಂ.ಮೀ. ಉದ್ದವಾಗುತ್ತದೆ. ತಣ್ಣಗಿದ್ದಾಗ ಸರಿಯಿದ್ದದ್ದು ಬಿಸಿಯಾದಾಗ ತಗುಲುವುದು ಹೀಗೆ.

ಸೋರಿಕೆ ನೋಡಲು ಎಂಜಿನ್ ಓಡಿಸಬೇಕಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬಿಡುವ ಬಾಯನ್ನು ಬಾಲದ ಪೈಪಿಗೆ ಬಟ್ಟೆ ಸುತ್ತಿ ಹಿಡಿದು, ಜೋಡಣೆಗಳಿಗೆ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ತಾನೇ ಹೇಳುತ್ತದೆ. ನನ್ನ ಕೊರೆದ ಬೋಲ್ಟಿನ ಕಡೆಯೇ ಗುಳ್ಳೆ ಬಂತು. ಅರ್ಧ ಸುತ್ತು ಬಿಗಿದೆ, ನಿಂತಿತು. ಹೊದಿಕೆ ಹಾಕಿದ ಪುಟ್ಟ ಕಾರಿನಲ್ಲಿ ಸೋರಿದ ಹೊಗೆ, ಅದರ ಜೊತೆ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್, ಒಳಗೆ ಸೇರುವುದು ಆಟದ ಮಾತಲ್ಲ; ಈ ಹೆಜ್ಜೆ ಬಿಡಬೇಡಿ.

ಮೊದಲ ಸಲ ಓಡಿಸಿದಾಗ ಹಿಂದಿನಿಂದ ಬಿಳಿ ಹೊಗೆ ಎದ್ದಿತು. ಗಾಬರಿ ಬೇಡ, ಕಾರ್ಖಾನೆಯ ಎಣ್ಣೆ ಸುಡುವುದು. ನೂರು ಕಿ.ಮೀ. ಆದಮೇಲೆ, ಪೂರ್ತಿ ತಣ್ಣಗಾದ ಮೇಲೆ, ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿದೆ.

ಈಗ

ಅದೇ ರಸ್ತೆ, ಅದೇ ಫೋನು, ಅದೇ ಸೀಟು, ಅದೇ ಮಗಳು. 3200ರಲ್ಲಿ ಆ ಗೋಪುರ ಮೊದಲಿನ ಡಬ್ಬಿಗಿಂತ 9 ಡೆಸಿಬೆಲ್ ತಗ್ಗಿತ್ತು. 10 ತಗ್ಗಿದರೆ ಕಿವಿಗೆ ಅರ್ಧದಷ್ಟಾದ ಹಾಗೆ ಅನ್ನುತ್ತಾರೆ. 4500ರ ಮೇಲೆ ಕಾರ್ಖಾನೆಯದಕ್ಕಿಂತ ದನಿ ಸ್ವಲ್ಪ ತೆರೆದುಕೊಂಡಿದೆ, ಅದು ನನಗೆ ಇಷ್ಟವೇ. ತೂಕ ಏಳೂವರೆ ಕೆ.ಜಿ., ಹಳೆಯದಕ್ಕಿಂತ ಐದಾರು ಕೆ.ಜಿ. ಕಡಿಮೆ. ಮರಳಿ ಬರುವಾಗ ಮಗಳು ಬರೆಯುವ ಪುಸ್ತಕ ಮಡಿಲಲ್ಲಿಟ್ಟುಕೊಂಡೇ ನಿದ್ದೆ ಹೋದಳು. 3600ರಿಂದ ಮುಂದಿನ ಅಂಕಿಗಳು ಹಾಗಾಗಿ ಖಾಲಿ ಉಳಿದಿವೆ.

ಎಲ್ಲ ಮುಗಿದಿಲ್ಲ. ರಿವರ್ಸ್ ತೆಗೆಯುವಾಗ 1100ರ ಹತ್ತಿರ ಕೆಳಗೆಲ್ಲೋ ಸಣ್ಣಗೆ ಝಣಝಣ ಅನ್ನುತ್ತದೆ. ಸೈಲೆನ್ಸರ್ ಅಲ್ಲ, ಕೈಯಲ್ಲಿ ಒತ್ತಿ ಹಿಡಿದು ನೋಡಿಯಾಯಿತು. ಬಹುಶಃ ಕನ್ವರ್ಟರಿನ ಮೇಲಿನ ಶಾಖತಡೆ ತಗಡು, ಅದರ ಬೋಲ್ಟಿನ ಸುತ್ತ ತುಕ್ಕು ತಿಂದು ತೂತು ದೊಡ್ಡದಾಗಿದೆ. ದೊಡ್ಡ ವಾಷರ್ ಹಾಕಿ ನೋಡಬೇಕು. ಆ ಬೋಲ್ಟಿಗೂ ನಿನ್ನೆ ರಾತ್ರಿಯಿಂದ ಎಣ್ಣೆ ಬಿಡಲು ಶುರು ಮಾಡಿದ್ದೇನೆ.